ನನ್ನ ಪುಸ್ತಕದಲ್ಲಿ ಇಲ್ಲದ ದೃಶ್ಯ

ಆ ಶನಿವಾರ ಬೆಳಗಾವಿಯಲ್ಲಿ ನಸುಕಿನಿಂದ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ. ಟಿಳಕವಾಡಿಯಲ್ಲಿ ನಮ್ಮ ಸರ್ ಮನೆಯ ಪಡಸಾಲೆಯಲ್ಲಿ ಐದು ಜನ ಕೂತು ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕ ಓದುತ್ತಿದ್ದೆವು. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದು ನಮ್ಮ ರೂಢಿ. ಲಿಯರ್ ಯಾವಾಗಲೂ ಸರ್ ಅವರದೇ, ಉಳಿದ ಪಾತ್ರಗಳು ವಾರ ವಾರ ಬದಲಾಗುತ್ತವೆ. ಆ ದಿನ ನನ್ನ ಪಾಲಿಗೆ ವಿದೂಷಕ ಬಂದಿದ್ದ. ಹುಚ್ಚನ ವೇಷದ ಎಡ್ಗರನನ್ನು ಹಿಂದವಾಡಿಯಿಂದ ಬರುವ ವಕೀಲ ಮೇಡಂ ಓದುತ್ತಿದ್ದರು.

ಮೂರನೆಯ ಅಂಕ, ಆರನೆಯ ದೃಶ್ಯ. ಬಿರುಗಾಳಿಯಲ್ಲಿ ನೆನೆದು ತಲೆ ಕೆಟ್ಟ ಮುದುಕ ರಾಜನನ್ನು ಹೇಗೋ ಒಂದು ಮಾಡಿನ ಕೆಳಗೆ ತಂದು ಸೇರಿಸಿದ್ದಾರೆ. ಕಾಯಿಸಿದ ಕಬ್ಬಿಣದ ಸಲಾಕೆ ಹಿಡಿದ ಸಾವಿರ ಜನ ತನ್ನನ್ನು ಹೊರಗೆ ಹಾಕಿದ ಇಬ್ಬರು ಹೆಣ್ಣುಮಕ್ಕಳ ಮೇಲೆ ಏರಿ ಹೋಗಬೇಕು ಎಂದು ಅವನು ಒದರುತ್ತಾನೆ. ಅಲ್ಲಿಯವರೆಗೆ ನನ್ನ ಬೆರಳು ಸಾಲಿನ ಮೇಲೇ ಇತ್ತು. ಆಮೇಲೆ ಸರ್ ಮತ್ತೇನೋ ಓದತೊಡಗಿದರು: ಈಗಿಂದೀಗಲೇ ಅವರ ವಿಚಾರಣೆ ಆಗಬೇಕು, ನ್ಯಾಯಾಧೀಶರು ಕೂತುಕೊಳ್ಳಲಿ ಎಂಬಂಥ ಮಾತು. ವಕೀಲ ಮೇಡಂ ಉತ್ತರ ಕೊಟ್ಟರು. ಬ್ಯಾಂಕಿನಿಂದ ನಿವೃತ್ತರಾದ ಕಾಕಾ ರಾಜನ ನಿಷ್ಠ ಸರದಾರ ಕೆಂಟನ ಮಾತು ಓದಿದರು. ನಂತರ ಎಲ್ಲರೂ ನನ್ನ ಕಡೆ ನೋಡಿದರು.

"ನಿಮ್ಮ ಮಾತು ರೀ ಅಕ್ಕಾ," ಎಂದ ಎಂ.ಎ. ಓದುವ ಹುಡುಗ. ಅವನ ಕೈಯಲ್ಲಿ ಮೊಬೈಲು, ಅದರಲ್ಲಿ ನಾಟಕ.

ನನ್ನ ಪುಟದಲ್ಲಿ ಆ ಮಾತೇ ಇರಲಿಲ್ಲ. ಸಲಾಕೆಯ ಸಾಲು ಮುಗಿದ ಕೂಡಲೇ ಎಡ್ಗರ್ "ನಿನ್ನ ಐದೂ ಬುದ್ಧಿ ನೆಟ್ಟಗಿರಲಿ" ಎಂದು ಹರಸುತ್ತಾನೆ, ಅಷ್ಟೇ. ಅವರು ಓದಿದ ವಿಚಾರಣೆ ಎಲ್ಲೂ ಇಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಹಾಳೆ ಹರಿದಿರಬಹುದು ಎಂದು ಪುಟದ ಅಂಕಿ ಎಣಿಸಿದೆ. ಅಂಕಿ ಸರಿಯಾಗಿಯೇ ಇದ್ದವು. ಎರಡು ತಿಂಗಳು ದುಡ್ಡು ಉಳಿಸಿ ತರಿಸಿದ ಪುಸ್ತಕ ಅದು. ಕೈಕಾಲು ತಣ್ಣಗಾದವು.

ಈ ಪುಸ್ತಕ ನನ್ನ ಕೈಗೆ ಬಂದ ಬಗೆಯನ್ನು ಹೇಳಬೇಕು. ಬೈಲಹೊಂಗಲ ದಾರಿಯ ಒಂದು ಹಳ್ಳಿಯಲ್ಲಿ ನಾನು ಹೈಸ್ಕೂಲು ಇಂಗ್ಲಿಷ್ ಶಿಕ್ಷಕಿ. ಬಿ.ಎ. ಮುಗಿದು ಹದಿನೆಂಟು ವರ್ಷಗಳ ಮೇಲೆ ಎಂ.ಎ.ಗೆ ಹೆಸರು ಹಚ್ಚಿದ್ದೆ. ಬಿ.ಎ.ಯಲ್ಲಿ ನಾವು ಓದಿದ್ದು ಗೈಡು. ಶೇಕ್ಸ್‌ಪಿಯರನ ನಾಟಕವೊಂದನ್ನು ಮೊದಲಿನಿಂದ ಕೊನೆಯವರೆಗೆ ನಾನು ಓದಿರಲೇ ಇಲ್ಲ. ಈ ಸಲ ಹಾಗಾಗಬಾರದು, ಸಮಗ್ರ ಸಂಪುಟವೇ ಮನೆಯಲ್ಲಿರಬೇಕು ಎಂದು ಹಟ ಹಿಡಿದೆ. ಖಡೇಬಜಾರದಲ್ಲಿ, ಕಾಲೇಜುಗಳ ಸುತ್ತಲಿನ ಅಂಗಡಿಗಳಲ್ಲಿ ಕೇಳಿದರೆ ಬಿಡಿ ನಾಟಕ ಸಿಗುತ್ತಿತ್ತು, ಅದೂ ಪಠ್ಯಕ್ಕಿಟ್ಟದ್ದು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದ್ದು ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಹೆಸರು ಹೊತ್ತ, ಜೊನಾಥನ್ ಬೇಟ್ ಮತ್ತು ಎರಿಕ್ ರಾಸ್ಮುಸೆನ್ ಸಂಪಾದಿಸಿದ 2007ರ ಸಂಪುಟ. ಅಕ್ಷರ ಸ್ಪಷ್ಟ, ಪ್ರತಿ ಪುಟದ ಕೆಳಗೆ ಅರ್ಥ, ನಾಟಕ ಆಡುವವರ ಸಂಸ್ಥೆಯ ಹೆಸರು. ಇದಕ್ಕಿಂತ ಏನು ಬೇಕು ಎಂದುಕೊಂಡಿದ್ದೆ.

ಸರ್ ನನ್ನ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಗಾಬರಿಯಾಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ನಾಟಕ ಮುಗಿದ ಪುಟಕ್ಕೆ ಹೋಗಿ ಇನ್ನೂ ಒಂದೆರಡು ಹಾಳೆ ತಿರುವಿ ನನ್ನ ಮುಂದಿಟ್ಟರು. "ಇಲ್ಲಿ ಅದ ನೋಡ್ರಿ, ನಿಮ್ಮ ವಿಚಾರಣೆ." ಕ್ವಾರ್ಟೊದಲ್ಲಿದ್ದು ಫೋಲಿಯೊದಲ್ಲಿ ಇಲ್ಲದ ಭಾಗಗಳು ಎಂಬ ತಲೆಬರಹದ ಕೆಳಗೆ, ನಾಟಕದಿಂದ ಹೊರಗೆ ಕೂರಿಸಿದ ನೆಂಟರ ಹಾಗೆ, ಆ ಸಾಲುಗಳೆಲ್ಲ ಅಲ್ಲಿದ್ದವು. ವಿದೂಷಕನ ನನ್ನ ಮಾತೂ ಇತ್ತು. ಲಿಯರ್ ಒಂದು ಸ್ಟೂಲನ್ನು ತನ್ನ ಹಿರಿಮಗಳು ಗಾನರಿಲ್ ಎಂದು ಭಾವಿಸಿ ಕಟಕಟೆಗೆ ತರುತ್ತಾನೆ. "ತಪ್ಪಾಯ್ತವ್ವಾ, ನಾ ನಿನ್ನ ಸ್ಟೂಲ್ ಅಂತ ತಿಳಕೊಂಡಿದ್ದೆ" ಅನ್ನುತ್ತಾನೆ ವಿದೂಷಕ. ಇಡೀ ನಾಟಕದಲ್ಲಿ ನನಗೆ ಹೀಗೆ ನಗುವೂ ಅಳುವೂ ಒಟ್ಟಿಗೆ ಬಂದ ಜಾಗ ಇನ್ನೊಂದಿಲ್ಲ. ಅದು ನನ್ನ ಪುಸ್ತಕದ ನಾಟಕದೊಳಗೆ ಇರಲಿಲ್ಲ.

ಸರ್ ಒಳಗಿಂದ ಹಳೇ ದಿನಪತ್ರಿಕೆಯ ಒಂದು ಹಾಳೆ ತಂದರು. ಒಂದು ಸಲ ಮಡಚಿದರು: ಎರಡು ಎಲೆ, ನಾಲ್ಕು ಪುಟ. ಇದು ಫೋಲಿಯೊ. ಇನ್ನೊಂದು ಸಲ ಅಡ್ಡ ಮಡಚಿದರು: ನಾಲ್ಕು ಎಲೆ, ಎಂಟು ಪುಟ. ಇದು ಕ್ವಾರ್ಟೊ. ಬಿಡಿ ನಾಟಕಗಳು ಕ್ವಾರ್ಟೊ ಆಕಾರದಲ್ಲಿ ಅಗ್ಗಕ್ಕೆ ಮಾರಾಟವಾಗುತ್ತಿದ್ದವು. 'ಲಿಯರ್' ಹಾಗೆ ಮೊದಲು ಅಚ್ಚಾದದ್ದು 1608ರಲ್ಲಿ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616. ಏಳು ವರ್ಷದ ಮೇಲೆ, 1623ರಲ್ಲಿ, ಅವನ ಜೊತೆ ರಂಗದ ಮೇಲಿದ್ದ ಜಾನ್ ಹೆಮಿಂಗ್ಸ್ ಮತ್ತು ಹೆನ್ರಿ ಕಾಂಡೆಲ್ ಸೇರಿ 36 ನಾಟಕಗಳನ್ನು ಒಂದೇ ದೊಡ್ಡ ಫೋಲಿಯೊದಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ 18 ನಾಟಕಗಳು ಅದಕ್ಕೂ ಮೊದಲು ಅಚ್ಚಿನ ಮುಖವನ್ನೇ ಕಂಡಿರಲಿಲ್ಲ. 'ಮ್ಯಾಕ್‌ಬೆತ್', 'ಜೂಲಿಯಸ್ ಸೀಸರ್', 'ಟೆಂಪೆಸ್ಟ್' ಎಲ್ಲ ಆ ಹದಿನೆಂಟರೊಳಗೇ.

'ಲಿಯರ್' ಆದರೋ ಎರಡೂ ಕಡೆ ಇದೆ, ಎರಡೂ ಕಡೆ ಒಂದೇ ಅಲ್ಲ. ಕ್ವಾರ್ಟೊದ ಸುಮಾರು 300 ಸಾಲು ಫೋಲಿಯೊದಲ್ಲಿ ಇಲ್ಲ. ಫೋಲಿಯೊದ ಸುಮಾರು 100 ಸಾಲು ಕ್ವಾರ್ಟೊದಲ್ಲಿ ಇಲ್ಲ. ಇದರ ಮೇಲೆ ನೂರಾರು ಕಡೆ ಒಂದು ಪದ ಹೋಗಿ ಇನ್ನೊಂದು ಬಂದಿದೆ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿದೆ. ಹದಿನೆಂಟನೆಯ ಶತಮಾನದಿಂದ ಸಂಪಾದಕರು ಎರಡನ್ನೂ ಕಲಸಿ, ಯಾವುದನ್ನೂ ಬಿಡದೆ, ಒಂದು ಉದ್ದನೆಯ ಲಿಯರ್ ಮಾಡಿಕೊಂಡು ಬಂದರು. ನಮ್ಮ ಅಜ್ಜಂದಿರ ಕಾಲದಿಂದ ಕಾಲೇಜುಗಳಲ್ಲಿ ಓದಿದ್ದು ಆ ಕಲಸಿದ ಪಾಠವನ್ನು. 1986ರಲ್ಲಿ ಆಕ್ಸ್‌ಫರ್ಡಿನ ಸ್ಟ್ಯಾನ್ಲಿ ವೆಲ್ಸ್ ಮತ್ತು ಗ್ಯಾರಿ ಟೇಲರ್ ಇದು ಸಲ್ಲದು ಎಂದರು. ಕವಿಯೇ ತನ್ನ ನಾಟಕವನ್ನು ತಿದ್ದಿದ್ದಾನೆ, ಹಾಗಾದರೆ ಎರಡೂ ಅವನವೇ, ಬೇರೆ ಬೇರೆ ನಿಲ್ಲಲಿ ಎಂದು ಒಂದೇ ಸಂಪುಟದಲ್ಲಿ ಎರಡು ಲಿಯರ್ ಅಚ್ಚು ಹಾಕಿದರು. ನನ್ನ ಸಂಪುಟದವರು ಫೋಲಿಯೊವನ್ನೇ ಆಧಾರವಾಗಿ ಹಿಡಿದವರು. ಅದಕ್ಕೇ ಕ್ವಾರ್ಟೊದ ಸಾಲು ಹೊರಗೆ ಹೋಗಿದ್ದವು. ಮುನ್ನುಡಿಯಲ್ಲಿ ಅವರು ಇದನ್ನು ಹೇಳಿಯೇ ಇದ್ದರು. ಕೊಳ್ಳುವಾಗ ನಾನು ಓದಿರಲಿಲ್ಲ.

ನಮ್ಮ ಕಡೆಯವರಿಗೆ ಪಾಠಾಂತರ ಹೊಸ ಮಾತಲ್ಲ. ನಮ್ಮ ತಂದೆ ವಿಜಯಪುರದವರು. ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಡೋಲೆ ಕೂಡಿಸಿದ ಕಥೆಯನ್ನು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದರು. ಒಂದೇ ವಚನ ಒಂದು ಓಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲೇ. ಫೋಲಿಯೊ ಆಗಿ ಸರಿಯಾಗಿ ಮುನ್ನೂರು ವರ್ಷ. ಅಂದು ರಾತ್ರಿ ಶಹಾಪುರದ ಮನೆಯಲ್ಲಿ ನನ್ನ ದೊಡ್ಡ ಸಂಪುಟ ತೆರೆದು ಕೂತಾಗ ಈ ಎರಡು ವರ್ಷಗಳು ತಲೆಯಲ್ಲಿ ಸುತ್ತುತ್ತಿದ್ದವು. ವಚನದ ಪಾಠಾಂತರ ಅಂದರೆ ಕಿವಿ ನೆಟ್ಟಗೆ ಮಾಡುವ ನಾನು, ಶೇಕ್ಸ್‌ಪಿಯರ್ ಅಂದ ಕೂಡಲೇ ಒಂದೇ ಒಂದು ಪಾಠ, ಅದನ್ನು ಯಾರೋ ಕಲ್ಲಿನ ಮೇಲೆ ಕೊರೆದಿದ್ದಾರೆ ಎಂದು ಯಾಕೆ ನಂಬಿದ್ದೆ?

ಮುಂದಿನ ಎರಡು ತಿಂಗಳು ನಾನು ಆವೃತ್ತಿ ಹುಡುಕಿದೆ. ಹುಡುಕುವುದಕ್ಕೆ ನನ್ನದೇ ಒಂದು ದಾರಿ ಮಾಡಿಕೊಂಡೆ: ಯಾವ ಪುಸ್ತಕ ಕೈಗೆ ಬಂದರೂ ಮೊದಲು 'ಲಿಯರ್' ತೆಗೆದು ಕೆಲವೇ ಜಾಗ ನೋಡುವುದು. ಮುನ್ನುಡಿ ಆಮೇಲೆ. ಬೆನ್ನ ಮೇಲಿನ ಹೊಗಳಿಕೆ ಓದುವುದೇ ಇಲ್ಲ.

ಮೊದಲು ನಾಟಕದ ಆರಂಭ. ಗ್ಲಾಸ್ಟರ್ ಎಂಬ ಸರದಾರ ತನ್ನ ಹಾದರದ ಮಗ ಎಡ್ಮಂಡನನ್ನು ಕೆಂಟನಿಗೆ ಪರಿಚಯಿಸುತ್ತಾನೆ. ಆ ಮಗ ಪಕ್ಕದಲ್ಲೇ ನಿಂತಿರುವಾಗ ಅವನ ಹುಟ್ಟಿನ ಬಗ್ಗೆ ಅಶ್ಲೀಲ ಚೇಷ್ಟೆ ಮಾಡುತ್ತಾನೆ. ರದ್ದಿ ಅಂಗಡಿಯೊಂದರಲ್ಲಿ ಐವತ್ತು ರೂಪಾಯಿಗೆ ಸಿಕ್ಕ ಹಳೇ ಶಾಲಾ ಆವೃತ್ತಿಯಲ್ಲಿ ಈ ಚೇಷ್ಟೆಯ ಅರ್ಧಕ್ಕರ್ಧ ಇರಲಿಲ್ಲ, ಇಲ್ಲ ಎಂಬ ಸೂಚನೆಯೂ ಇರಲಿಲ್ಲ. ಮಕ್ಕಳ ಕೈಗೆ ಹೋಗುವ ಪುಸ್ತಕ, ಸಂಕೋಚ ನನಗೆ ಅರ್ಥವಾಗುತ್ತದೆ. ಥಾಮಸ್ ಬೌಡ್ಲರನ ಮನೆತನದವರು 1807ರಲ್ಲೇ ಕುಟುಂಬದವರೆಲ್ಲ ಕೂತು ಓದುವಂಥ ಶೇಕ್ಸ್‌ಪಿಯರನನ್ನು ಹೊರತಂದಿದ್ದರು. ಆದರೆ ಆ ಚೇಷ್ಟೆ ಕೇಳುತ್ತ ನಿಂತ ಮಗನ ಮುಖ ಕಾಣದಿದ್ದರೆ ಮುಂದೆ ಅವನು ಮಾಡುವ ದ್ರೋಹ ಎಲ್ಲಿಂದ ಬಂತು ಎಂದು ಹೇಗೆ ತಿಳಿಯಬೇಕು? ನನ್ನ ತರಗತಿಯಲ್ಲಿ ಹುಡುಗರೆದುರೇ ಮಗನನ್ನು ಬೈದು ಹೋಗುವ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಆ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬಂದೆ.

ಎರಡನೆಯದು ಮೂರನೆಯ ಅಂಕದ ಕೊನೆ. ಮುದುಕ ಗ್ಲಾಸ್ಟರನ ಎರಡೂ ಕಣ್ಣು ಕಿತ್ತು, ಮೂಸಿ ನೋಡುತ್ತ ಡೋವರ್ ಊರಿನ ದಾರಿ ಹಿಡಿಯಲಿ ಎಂದು ಹೊರಗೆ ತಳ್ಳುತ್ತಾರೆ. ಫೋಲಿಯೊದಲ್ಲಿ ಅಂಕ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಕ್ವಾರ್ಟೊದಲ್ಲಿ ಮಾತ್ರ ಇಬ್ಬರು ಆಳುಗಳು ಹಿಂದೆ ಉಳಿಯುತ್ತಾರೆ. ಹೆಸರಿಲ್ಲದವರು. ಅವನ ರಕ್ತ ಸೋರುವ ಮುಖಕ್ಕೆ ಹಚ್ಚಲು ಅಗಸೆ ನಾರು, ತತ್ತಿಯ ಬಿಳಿ ಲೋಳೆ ತರುತ್ತೇನೆ ಎನ್ನುತ್ತಾನೆ ಒಬ್ಬ. ನಾನು ಆ ಸಾಲು ಓದಿದ್ದು ಬೈಲಹೊಂಗಲದ ಬಸ್ಸಿನಲ್ಲಿ, ನಿಂತುಕೊಂಡು. ಅಷ್ಟು ಕ್ರೌರ್ಯ ನಡೆದ ಮನೆಯಲ್ಲಿ ಒಬ್ಬ ಆಳುಮಗ ಅಡುಗೆಮನೆಗೆ ಹೋಗಿ ತತ್ತಿ ಒಡೆಯುತ್ತಿದ್ದಾನೆ. ಅಷ್ಟು ಕಂಡರೆ ಸಾಕು, ಮುಂದಿನ ಅಂಕಕ್ಕೆ ಹೋಗುವ ಧೈರ್ಯ ಬರುತ್ತದೆ. ಇದನ್ನು ಬಿಟ್ಟರೆ ಉಳಿಯುವುದು ಬರೀ ಕತ್ತಲೆ. ಕೆಲವರು ಆ ಕತ್ತಲೆಯೇ ನಾಟಕಕ್ಕೆ ಬೇಕು ಎನ್ನುತ್ತಾರೆ; ಅವರ ವಾದವನ್ನು ಗೌರವಿಸುತ್ತೇನೆ, ಆದರೆ ಆ ಆಳನ್ನು ನಾನು ಬಿಟ್ಟುಕೊಡಲಾರೆ.

ಮೂರನೆಯದು ದೃಶ್ಯದ ಅಂಕಿ. ಇದು ಒಣ ವಿಷಯ ಅನಿಸಬಹುದು, ನನಗೆ ಪೆಟ್ಟು ಕೊಟ್ಟದ್ದು ಇದೇ. ಕ್ವಾರ್ಟೊದಲ್ಲಿ ಲಿಯರನ ಕಿರಿಮಗಳು ಕಾರ್ಡೀಲಿಯಾಳ ಕಣ್ಣೀರನ್ನು ಬಣ್ಣಿಸುವ ಒಂದು ಇಡೀ ದೃಶ್ಯವಿದೆ. ಕಲಸಿದ ಪಾಠದಲ್ಲಿ ಅದು ನಾಲ್ಕನೆಯ ಅಂಕದ ಮೂರನೆಯ ದೃಶ್ಯ. ಫೋಲಿಯೊದಲ್ಲಿ ಅದು ಇಲ್ಲ, ಹಾಗಾಗಿ ಆ ಅಂಕದಲ್ಲಿ ಅಲ್ಲಿಂದ ಮುಂದಿನ ಎಲ್ಲ ದೃಶ್ಯಗಳ ಅಂಕಿ ಒಂದೊಂದು ಹಿಂದಕ್ಕೆ ಸರಿಯುತ್ತದೆ. ಕುರುಡ ಗ್ಲಾಸ್ಟರ್ ಡೋವರಿನ ಕಡಿದಾದ ಅಂಚಿನಿಂದ ಜಿಗಿದೆ ಎಂದು ನಂಬುವ ದೃಶ್ಯ ಬಹಳ ಪುಸ್ತಕಗಳಲ್ಲಿ 4.6, ಫೋಲಿಯೊ ಹಿಡಿದವರಲ್ಲಿ 4.5. ನನ್ನ ಒಂದು ಅಸೈನ್‌ಮೆಂಟಿನಲ್ಲಿ ಎಲ್ಲ ಉಲ್ಲೇಖಗಳಿಗೂ ಕೆಂಪು ಶಾಯಿಯ ಸುತ್ತು ಬಿದ್ದಿತ್ತು, 'ಅಂಕಿ ತಪ್ಪು' ಎಂದು. ತಪ್ಪಾಗಿರಲಿಲ್ಲ. ಯಾವ ಆವೃತ್ತಿ ಎಂದು ನಾನು ಬರೆದಿರಲಿಲ್ಲ, ಅವರೂ ಕೇಳಿರಲಿಲ್ಲ. ಅಂದಿನಿಂದ ಉತ್ತರದ ಮೊದಲ ಪುಟದಲ್ಲೇ ಸಂಪಾದಕರ ಹೆಸರು, ವರ್ಷ ಬರೆದು ಮುಂದೆ ಹೋಗುತ್ತೇನೆ. ಎಂ.ಎ. ಓದುವವರು ದಯವಿಟ್ಟು ಇದೊಂದನ್ನು ಮಾಡಿ.

ಇನ್ನು ಅರ್ಥ ಹೇಳುವ ಟಿಪ್ಪಣಿ. ಇದಕ್ಕೆ ನಾನು ನೋಡುತ್ತಿದ್ದದ್ದು ಕೊನೆಯ ದೃಶ್ಯದ ಒಂದೇ ಸಾಲು. ಕಾರ್ಡೀಲಿಯಾಳ ಹೆಣ ಹಿಡಿದುಕೊಂಡು ಲಿಯರ್ ಹೇಳುತ್ತಾನೆ, ನನ್ನ ಪಾಪದ 'ಫೂಲ್' ನೇಣಿಗೇರಿತು ಎಂದು. ವಿದೂಷಕನಿಗೂ ಅದೇ ಪದ. ಅವನು ಮೂರನೆಯ ಅಂಕದಲ್ಲೇ ಕಾಣೆಯಾದವನು. ಟಿಪ್ಪಣಿ ಇಲ್ಲದ ಪುಸ್ತಕ ಓದಿದವರು, ಓಹೋ ವಿದೂಷಕನನ್ನೂ ಗಲ್ಲಿಗೆ ಹಾಕಿದರು ಎಂದು ಮುಂದೆ ಹೋಗುತ್ತಾರೆ. ಒಳ್ಳೆಯ ಟಿಪ್ಪಣಿ ಇದ್ದರೆ ಆ ಪದ ಆಗ ಮುದ್ದಿನ ಮಾತೂ ಆಗಿತ್ತು, ಇಲ್ಲಿ ಅದು ಕಾರ್ಡೀಲಿಯಾ, ಆದರೂ ವಿದೂಷಕನ ನೆರಳು ಅದರಲ್ಲಿ ಬಂದೇ ಬರುತ್ತದೆ ಎಂದು ತಿಳಿಸುತ್ತದೆ. ನನಗೆ ಅದನ್ನು ಓದಿದ ಕೂಡಲೇ ನಮ್ಮ ಅವ್ವನ ಧ್ವನಿ ಕೇಳಿಸಿತು. ಜ್ವರ ಬಂದು ಮಲಗಿದಾಗ ತಲೆ ಸವರುತ್ತ "ನನ್ನ ಹುಚ್ಚವ್ವ" ಅನ್ನುತ್ತಿದ್ದಳು. ಹುಚ್ಚಿ ಅನ್ನುವುದಕ್ಕೆ ನಮ್ಮಲ್ಲಿ ಎರಡೂ ಅರ್ಥ ಇದೆಯಲ್ಲ. ಸರ್ ಅವರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ 'ಹುಚ್ಚವ್ವ' ಎಂದು ಬರೆದುಕೊಂಡರು.

ಈ ಸಾಲಿಟ್ಟುಕೊಂಡು ನೋಡಿದಾಗ ಬಹಳ ಸಂಪುಟಗಳು ಸೋತವು. ಬ್ಯಾಂಕಿನ ಕಾಕಾನ ಹತ್ತಿರ ಪೀಟರ್ ಅಲೆಗ್ಸಾಂಡರ್ ಸಂಪಾದಿಸಿದ, 1951ರಲ್ಲಿ ಮೊದಲು ಬಂದ ಕಾಲಿನ್ಸ್ ಸಂಪುಟವಿದೆ. ಪಾಠ ಚೊಕ್ಕ, ಕಲಸಿದ ಲಿಯರ್, ವಿಚಾರಣೆಯ ದೃಶ್ಯವೂ ಉಂಟು. ಆದರೆ ಪುಟದ ಕೆಳಗೆ ಏನೂ ಇಲ್ಲ, ಪದದ ಅರ್ಥ ಬೇಕಾದರೆ ಹಿಂದೆ ಪದಕೋಶಕ್ಕೆ ಹೋಗಬೇಕು. ಕಾಕಾ ಐವತ್ತು ವರ್ಷದಿಂದ ಅದನ್ನೇ ಓದಿದವರು, ಅವರಿಗೆ ಸಾಕು. ನನಗೆ ಸಾಲದು. ಅರ್ಥಕ್ಕಾಗಿ ಸಾವಿರ ಪುಟ ದಾಟಿ ಹೋಗಿ ಬರುವಷ್ಟರಲ್ಲಿ ಲಿಯರನ ದುಃಖ ಆರಿ ಹೋಗಿರುತ್ತದೆ. ಆರ್ಡನ್ ಎಂಬ ಹೆಸರು ನೋಡಿ ಆಸೆಪಟ್ಟು ಅವರ 1998ರ ಸಮಗ್ರ ಸಂಪುಟವನ್ನು ಕೊಳ್ಳುವುದರಲ್ಲಿದ್ದೆ. ಆರ್ಡನ್ ಬಿಡಿ ನಾಟಕಗಳು ಟಿಪ್ಪಣಿಗೇ ಪ್ರಸಿದ್ಧ. ಅರ್ಧ ಪುಟ ಮೂಲ, ಅರ್ಧ ಪುಟ ಟಿಪ್ಪಣಿ. ಆದರೆ ಆ ಒಂದೇ ಸಂಪುಟದಲ್ಲಿ ಆ ಟಿಪ್ಪಣಿಗಳಿಲ್ಲ, ಚಿಕ್ಕ ಪೀಠಿಕೆ ಮತ್ತು ಪದಕೋಶ ಅಷ್ಟೇ. ಹೆಸರೊಂದೇ, ಒಳಗಿನ ಸರಕು ಬೇರೆ. ಈ ವ್ಯತ್ಯಾಸ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಧಾರವಾಡದಲ್ಲಿ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ನಾರ್ಟನ್ ಸಂಪುಟ ನೋಡಿದೆ, 1997ರದು, ಸ್ಟೀಫನ್ ಗ್ರೀನ್‌ಬ್ಲಾಟ್ ಮುಖ್ಯ ಸಂಪಾದಕರು. ಅದರಲ್ಲಿ ಲಿಯರ್ ಮೂರು ಸಲ ಇದೆ: ಎಡಪುಟದಲ್ಲಿ ಕ್ವಾರ್ಟೊ, ಎದುರಿನ ಬಲಪುಟದಲ್ಲಿ ಫೋಲಿಯೊ, ಅದಾದ ಮೇಲೆ ಎರಡೂ ಕೂಡಿಸಿದ ಪಾಠ. ಎದುರುಬದುರು ಇಟ್ಟ ಆ ಪುಟಗಳನ್ನು ನಾನು ಮರೆಯಲಾರೆ. ವಿಚಾರಣೆಯ ದೃಶ್ಯ ಬಂದಾಗ ಎಡಗಡೆ ತುಂಬ ಸಾಲು, ಬಲಗಡೆ ಖಾಲಿ ಬಿಳಿ ಜಾಗ. ನನ್ನ ಪುಸ್ತಕದಲ್ಲಿ ಕಾಣದೆ ಹೋಗಿದ್ದ ಕೊರತೆ ಇಲ್ಲಿ ಕಣ್ಣಿಗೆ ಕಾಣುವಂತೆ ಇತ್ತು. ಅಲ್ಲಿಯೇ ಎರಡು ತಾಸು ಕೂತೆ, ಅವರು ಎರಡು ಸಲ ಚಹಾ ಕೊಟ್ಟರು. ಬಸ್ಸಿಗೆ ಹೊತ್ತಾಯಿತು ಎಂದಾಗಲೇ ಎದ್ದದ್ದು. ಹೊಸದಾಗಿ ಕೊಳ್ಳಲು ಅದರ ಬೆಲೆ ನನ್ನ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಕಾಗದದ ವಿಷಯವನ್ನು ಹೇಳದೆ ಇರಲಾರೆ. ಸಮಗ್ರ ಸಂಪುಟಗಳನ್ನು ಬೈಬಲ್ಲಿಗೆ ಬಳಸುವಂಥ ತೆಳು ಹಾಳೆಯಲ್ಲಿ ಅಚ್ಚು ಹಾಕುತ್ತಾರೆ. ನಮ್ಮ ಬೆಳಗಾವಿಯ ಜುಲೈ, ಆಗಸ್ಟಿನಲ್ಲಿ ಗೋಡೆಗೇ ಬೂಷ್ಟು ಬರುತ್ತದೆ. ಆ ಹಾಳೆ ತೇವ ಹೀರಿ ಅಲೆ ಅಲೆಯಾಗಿ ಏಳುತ್ತದೆ. ಪೆನ್ನಿನಿಂದ ಬರೆದರೆ ಹಿಂದಿನ ಪುಟಕ್ಕೆ ಮೂಡುತ್ತದೆ, ಪೆನ್ಸಿಲು ಒತ್ತಿದರೆ ಹರಿಯುತ್ತದೆ. ಮತ್ತೆ ಅದರ ಭಾರ. ಊಟದ ಡಬ್ಬಿ, ಉತ್ತರಪತ್ರಿಕೆ, ಕೊಡೆ ಇರುವ ಚೀಲದಲ್ಲಿ ಆ ಸಂಪುಟವನ್ನು ಒಂದು ವಾರ ಶಾಲೆಗೆ ಹೊತ್ತೆ. ಭುಜ ನೋವು ಬಂದು ಮನೆಯಲ್ಲೇ ಇಟ್ಟೆ. ಮನೆಯಲ್ಲಿಟ್ಟ ಪುಸ್ತಕ ರಾತ್ರಿ ಹತ್ತರ ಮೇಲೆ ಮಾತ್ರ ತೆರೆಯುತ್ತದೆ, ಅಷ್ಟರಲ್ಲಿ ನನ್ನ ಕಣ್ಣು ಮುಚ್ಚುತ್ತವೆ. ನೌಕರಿ ಮಾಡುತ್ತ ಓದುವವರಿಗೆ ಬಸ್ಸಿನ ಒಂದು ತಾಸು ಬಹಳ ದೊಡ್ಡದು. ಆ ತಾಸಿಗೆ ಬೇಕಾದದ್ದು ಒಂದೇ ನಾಟಕದ, ಒಂದು ಕೈಯಲ್ಲಿ ಹಿಡಿಯುವ ಪುಸ್ತಕ.

ಹುಡುಗನ ಮೊಬೈಲಿನಲ್ಲಿದ್ದದ್ದು ಅಮೆರಿಕದ ಫೋಲ್ಜರ್ ಗ್ರಂಥಾಲಯದ ಪಾಠ, ಬಾರ್ಬರಾ ಮೊವಾಟ್ ಮತ್ತು ಪಾಲ್ ವರ್ಸ್ಟೀನ್ ಸಂಪಾದಿಸಿದ್ದು. ಪುಕ್ಕಟೆ ಓದಬಹುದು, ಇಳಿಸಿಕೊಳ್ಳಬಹುದು. ಯಾವ ಸಾಲು ಕ್ವಾರ್ಟೊದ್ದು, ಯಾವುದು ಫೋಲಿಯೊದ್ದು ಎಂದು ಆವರಣ ಚಿಹ್ನೆಗಳಿಂದ ತೋರಿಸಿದ್ದಾರೆ. ಅಚ್ಚಿನ ಪುಸ್ತಕದಲ್ಲಿ ಮೂಲದ ಎದುರು ಪುಟದಲ್ಲೇ ಅರ್ಥವೂ ಇರುತ್ತದೆ. ದುಡ್ಡಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ನನ್ನ ಶಾಲೆಯ ಇಬ್ಬರು ಹಳೇ ವಿದ್ಯಾರ್ಥಿಗಳಿಗೆ ಇದನ್ನೇ ತೋರಿಸಿಕೊಟ್ಟೆ. ಅದೇ ಮೊಬೈಲಿನಲ್ಲಿ 1608ರ ಕ್ವಾರ್ಟೊದ ಪುಟಗಳ ಚಿತ್ರವನ್ನೂ ಒಂದು ಸಂಜೆ ನೋಡಿದೆವು. ಮಸುಕಾದ ಶಾಯಿ, ಎಲ್ಲೆಂದರಲ್ಲಿ ಮುರಿದ ಸಾಲು, ಗದ್ಯ ಪದ್ಯದಂತೆ, ಪದ್ಯ ಗದ್ಯದಂತೆ. ಇದನ್ನು ಬಿಡಿಸಿ ಓದಿದವರ ಕಷ್ಟ ನೆನೆದು ವಕೀಲ ಮೇಡಂ ಕೈ ಮುಗಿದರು.

ಕೊನೆಗೆ ನಾನು ಕೊಂಡದ್ದು ಆರ್ಡನ್ ಮೂರನೆಯ ಮಾಲೆಯ ಬಿಡಿ 'ಲಿಯರ್', ಆರ್.ಎ. ಫೋಕ್ಸ್ ಸಂಪಾದಿಸಿದ್ದು, 1997ರದು. ಸರ್ ಹತ್ತಿರ ಇದ್ದದ್ದೂ ಅದೇ. ಅವರು ಮೊದಲ ದಿನವೇ ಇದನ್ನೇ ಕೊಳ್ಳಿ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ಅದರಲ್ಲಿ ಎರಡೂ ಪಾಠ ಕೂಡಿಸಿದ್ದಾರೆ, ಆದರೆ ಹೊಲಿಗೆ ಮುಚ್ಚಿಟ್ಟಿಲ್ಲ. ಕ್ವಾರ್ಟೊದಲ್ಲಿ ಮಾತ್ರ ಇರುವ ಭಾಗದ ಆಚೀಚೆ ಕೂದಲೆಳೆಯಷ್ಟು ಚಿಕ್ಕ 'ಕ್ಯೂ', ಫೋಲಿಯೊದಲ್ಲಿ ಮಾತ್ರ ಇರುವುದರ ಆಚೀಚೆ 'ಎಫ್', ಸಾಲಿನ ಮೇಲ್ಗಡೆ. ಮೊದಮೊದಲು ಕಣ್ಣಿಗೆ ಕಸ ಬಿದ್ದ ಹಾಗೆ ಅನಿಸಿತು. ವಾರ ಕಳೆದ ಮೇಲೆ ಆ ಚಿಹ್ನೆ ಇಲ್ಲದ ಪುಟವನ್ನು ನಾನು ಪೂರ್ತಿ ನಂಬುವುದೇ ಇಲ್ಲ ಅನಿಸಿತು. ದೊಡ್ಡ ಸಂಪುಟವನ್ನು ಮಾರಲಿಲ್ಲ. ಉಳಿದ ನಾಟಕಗಳನ್ನು ಒಂದು ಸಲ ಓಡಿಸಿಕೊಂಡು ಓದಲು ಅದು ಬೇಕು, ಅದರ ಅಡಿಟಿಪ್ಪಣಿ ಚೆನ್ನಾಗಿವೆ. ಪರೀಕ್ಷೆಗೆ ಯಾವ ನಾಟಕ ಇಟ್ಟಿದ್ದಾರೋ ಅದನ್ನು ಮಾತ್ರ ಬಿಡಿಯಾಗಿ, ಪೂರ್ತಿ ಟಿಪ್ಪಣಿಯ ಜೊತೆ ಕೊಳ್ಳುತ್ತೇನೆ. ಆರ್ಡನ್ ಸಿಗದಿದ್ದರೆ ನ್ಯೂ ಕೇಂಬ್ರಿಡ್ಜ್, ಇಲ್ಲವೇ ಆಕ್ಸ್‌ಫರ್ಡಿನ ಬಿಡಿ ನಾಟಕ. ಮುಂದಿನ ಸೆಮಿಸ್ಟರಿಗೆ 'ಹ್ಯಾಮ್ಲೆಟ್' ಇದೆ, ಅದಕ್ಕೆ 1603, 1604-05, 1623 ಎಂದು ಮೂರು ಪಾಠ. ಈ ಸಲ ಕೊಳ್ಳುವ ಮೊದಲೇ ಗೊತ್ತಿದೆ.

ದಸರೆಗೆ ಸ್ವಲ್ಪ ಮೊದಲು ನಮ್ಮ 'ಲಿಯರ್' ಕೊನೆಯ ದೃಶ್ಯಕ್ಕೆ ಬಂತು. ಹದಿನೆಂಟನೆಯ ಶತಮಾನದ ವಿಮರ್ಶಕ ಡಾಕ್ಟರ್ ಜಾನ್ಸನ್ ಕಾರ್ಡೀಲಿಯಾಳ ಸಾವು ಓದಿ ಎಷ್ಟು ತತ್ತರಿಸಿದ್ದರೆಂದರೆ, ಸಂಪಾದಕನಾಗಿ ತಿದ್ದಲು ಕೂರುವವರೆಗೆ ಆ ದೃಶ್ಯವನ್ನು ಮತ್ತೆ ಓದುವ ಶಕ್ತಿ ತನಗಿತ್ತೋ ಇಲ್ಲವೋ ಎಂದು ಬರೆದಿದ್ದಾರೆ. ಅದಕ್ಕೂ ಮೊದಲು, 1681ರಲ್ಲಿ, ನೇಹಮ್ ಟೇಟ್ ಎಂಬುವನು ನಾಟಕವನ್ನೇ ತಿದ್ದಿ ಬರೆದು ಅವಳನ್ನು ಬದುಕಿಸಿ ಮದುವೆ ಮಾಡಿಸಿಬಿಟ್ಟಿದ್ದ. ರಂಗದ ಮೇಲೆ ಒಂದೂವರೆ ಶತಮಾನದ ಹತ್ತಿರ ಹತ್ತಿರ ಅದೇ ನಡೆಯಿತು. ನಾವು ಎರಡು ಸಲ ಓದುವುದು ಎಂದು ತೀರ್ಮಾನಿಸಿದೆವು. ಮೊದಲು ಕ್ವಾರ್ಟೊ, ಸ್ವಲ್ಪ ಬಿಡುವು ಕೊಟ್ಟು ಫೋಲಿಯೊ. ನನ್ನದು ಗಾನರಿಲಳ ಗಂಡ ಆಲ್ಬನಿ. ಎಡ್ಗರ್ ಹುಡುಗನದು, ಕೆಂಟ್ ಕಾಕಾನದು.

ಕ್ವಾರ್ಟೊದಲ್ಲಿ ಲಿಯರ್ ಸಾಯುವಾಗ ಬರೀ 'ಓ, ಓ, ಓ, ಓ' ಎಂದು ನರಳುತ್ತಾನೆ, ಆಮೇಲೆ ಒಡೆ, ಎದೆಯೇ ಒಡೆ ಎಂದು ತನ್ನ ಎದೆಗೇ ಬೇಡಿಕೊಳ್ಳುತ್ತಾನೆ. ಸರ್ ಅದನ್ನು ಓದಿದರು. ಎಪ್ಪತ್ತಾರು ವರ್ಷದ ಧ್ವನಿ. ಕಾಕಾ ಬಾಯಿ ತೆರೆದು ಹಾಗೇ ಕೂತಿದ್ದರು. ಅವರ ಅಲೆಗ್ಸಾಂಡರ್ ಪುಸ್ತಕದಲ್ಲಿ ಆ ಮಾತು ಕೆಂಟನದು, ಐವತ್ತು ವರ್ಷದಿಂದ ಕೆಂಟನದೇ. ಕೊನೆಯ ನಾಲ್ಕು ಸಾಲು ಕ್ವಾರ್ಟೊದಲ್ಲಿ ಆಲ್ಬನಿಗೆ ಸೇರಿವೆ. ನಾನು ಓದಿದೆ.

ಚಹಾ ಆಯಿತು. ಮತ್ತೆ ಶುರು ಮಾಡಿದೆವು. ಫೋಲಿಯೊದ ಲಿಯರ್ ನರಳುವುದಿಲ್ಲ. ಇದು ಕಾಣುತ್ತದೆಯೇ, ಅವಳನ್ನು ನೋಡಿ, ಅವಳ ತುಟಿ ನೋಡಿ, ಅಲ್ಲಿ ನೋಡಿ, ಅಲ್ಲಿ ನೋಡಿ ಎನ್ನುತ್ತ ಜೀವ ಬಿಡುತ್ತಾನೆ. ಮಗಳು ಉಸಿರಾಡಿದಳು ಎಂದುಕೊಂಡನೋ, ಏನು ಕಂಡನೋ. ಎದೆಯೇ ಒಡೆ ಎನ್ನುವ ಮಾತು ಈ ಸಲ ಕಾಕಾನ ಪಾಲಿಗೆ ಬಂತು, ಅವರು ಅದನ್ನು ಕನ್ನಡಕ ತೆಗೆದು, ಪುಸ್ತಕ ನೋಡದೆ ಹೇಳಿದರು. ಕೊನೆಯ ಸಾಲುಗಳು ಫೋಲಿಯೊದಲ್ಲಿ ಎಡ್ಗರನವು. ಹಿರಿಯರು ಎಲ್ಲರಿಗಿಂತ ಹೆಚ್ಚು ಅನುಭವಿಸಿದರು. ಕಿರಿಯರಾದ ನಾವು ಇಷ್ಟನ್ನು ನೋಡಲಾರೆವು, ಇಷ್ಟು ಕಾಲ ಬದುಕಲಾರೆವು. ಅರ್ಧ ತಾಸಿನ ಹಿಂದೆ ನಾನೇ ಓದಿದ ಸಾಲು. ಇಪ್ಪತ್ತೆರಡರ ಹುಡುಗ ಮೊಬೈಲು ಕೆಳಗಿಟ್ಟು, ನನ್ನ ಆರ್ಡನ್ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸರ್ ಅವರ ಕಡೆ ನೋಡುತ್ತ ನಿಧಾನಕ್ಕೆ ಓದಿದ. ಸರ್ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.